ಸಂಘದ ಸಾಲ ಊರಿಗೆ ಬಂದರೆ ಸಾಲ ತಗೊಳ್ಳದವರಿಗೇ ಪೆಟ್ಟು? ಕರ್ನಾಟಕದ 75 ಹಳ್ಳಿಗಳ ಅಧ್ಯಯನ ಹೇಳಿದ್ದೇನು

ಬೆಸಗರಹಳ್ಳಿ: "ಈ ವಾರ ಸಂಘದ ಕಂತು ಐತೆ ಕಣಣ್ಣ, ಸಾಮಾನಿನ ದುಡ್ಡು ಮುಂದಿನ ವಾರ ಕೊಡ್ತೀನಿ." ಬೆಸಗರಹಳ್ಳಿ ಇರಲಿ, ಕೊಪ್ಪ ಇರಲಿ, ಮಳವಳ್ಳಿ ಕಡೆಯ ಯಾವುದೇ ಊರಿರಲಿ, ಕಿರಾಣಿ ಅಂಗಡಿ ಇಟ್ಟವರಿಗೆ ಈ ಮಾತು ಹೊಸದಲ್ಲ. ಅಂಗಡಿಯವರು ಉದ್ರಿ ಪುಸ್ತಕದಲ್ಲಿ ಇನ್ನೊಂದು ಸಾಲು ಬರ್ಕೊಳ್ತಾರೆ, ಗಿರಾಕಿ ಚೀಲ ಹಿಡಿದು ಹೊರಡ್ತಾರೆ.

ಮೈಕ್ರೋ ಫೈನಾನ್ಸ್ ಅಂದ ಕೂಡಲೇ ಎಲ್ಲರ ಗಮನ ಸಾಲ ತಗೊಂಡವರ ಮೇಲೆ ಹೋಗುತ್ತೆ. ಕಂತು ಕಟ್ಟಿದ್ರಾ, ಇಲ್ವಾ, ಮನೆ ಮುಂದೆ ವಸೂಲಿಯವರು ಬಂದ್ರಾ ಅನ್ನೋದೇ ಸುದ್ದಿ. ಆದರೆ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಆರು ವರ್ಷದ ಅಂತರದಲ್ಲಿ ಎರಡು ಸಲ ಮಾಹಿತಿ ತೆಗೆದ ಒಂದು ಅಧ್ಯಯನ ಬೇರೆಯದೇ ಕಡೆಗೆ ಬೆರಳು ತೋರಿಸಿದೆ. ಸಂಘದ ಸಾಲ ಬಂದ ಊರಿನಲ್ಲಿ ಅಕ್ಕಪಕ್ಕದವರ ನಡುವಿನ ಕೈಸಾಲ, ಕೊಡು-ಕೊಳ್ಳುವಿಕೆ ಕಡಿಮೆಯಾಯಿತು. ಆ ನಷ್ಟ ಹೆಚ್ಚಾಗಿ ಬಿದ್ದದ್ದು ಸಂಘದ ಸಾಲವನ್ನೇ ತಗೊಳ್ಳದ ಮನೆಗಳ ಮೇಲೆ.

ಕಬ್ಬಿನ ದುಡ್ಡು ತಡವಾದಾಗ, ಆಸ್ಪತ್ರೆ ಖರ್ಚು ಬಂದಾಗ ಊರಿನ ಕೈಸಾಲವನ್ನೇ ನೆಚ್ಚಿಕೊಂಡಿರುವ ನಮ್ಮ ತಾಲ್ಲೂಕಿನ ಜನ, ಉದ್ರಿ ಕೊಡುವ ಅಂಗಡಿಯವರು, ಪಂಚಾಯಿತಿ ಸದಸ್ಯರು, ಸುದ್ದಿ ಬರೆಯುವವರು ಎಲ್ಲರೂ ತಿಳಿಯಬೇಕಾದ ವಿಷಯ ಇದು.

ಈಗ ಯಾಕೆ ಈ ಮಾತು

2025ರ ಜನವರಿಯಲ್ಲಿ ಮಂಡ್ಯ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಿಂದ ಸಾಲ ವಸೂಲಿ ಕಿರುಕುಳದ ದೂರುಗಳು ಒಂದರ ಮೇಲೊಂದು ಬಂದವು. ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ, ಜೀವ ಕಳ್ಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ಅದನ್ನು ವಾಪಸ್ ಕಳಿಸಿದರು, ಆಮೇಲೆ ಫೆಬ್ರವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿತ್ತು.

ಆ ದಿನಗಳಲ್ಲಿ ಎರಡು ಮಾತು ಕೇಳಿ ಬಂದವು. ಒಂದು, "ಈ ಸಾಲಗಳನ್ನ ಪೂರ್ತಿ ನಿಲ್ಲಿಸಿಬಿಡಿ." ಇನ್ನೊಂದು, "ನಿಲ್ಲಿಸಿದ್ರೆ ಬಡವರಿಗೆ ಸಾಲ ಕೊಡೋರು ಯಾರು?" ಎರಡೂ ಕಡೆಯವರಿಗೆ ಉತ್ತರ ಕೊಡಬಲ್ಲ ಸಂಶೋಧನೆ ಹತ್ತು ಹದಿನೈದು ವರ್ಷಗಳಿಂದ ನಡೆದಿದೆ. ಅದರಲ್ಲಿ ಮುಖ್ಯವಾದದ್ದು ನಮ್ಮ ರಾಜ್ಯದ ಹಳ್ಳಿಗಳಲ್ಲೇ ಆಗಿದೆ. ಆದರೆ ಅದು ಇಂಗ್ಲಿಷ್ ನಿಯತಕಾಲಿಕಗಳಲ್ಲೇ ಉಳಿದಿದೆ, ಹಳ್ಳಿಗೆ ವಾಪಸ್ ಬಂದಿದ್ದು ಕಡಿಮೆ.

75 ಹಳ್ಳಿ, ಮನೆಮನೆ ಲೆಕ್ಕ

ಈ ಕೆಲಸ ಶುರುವಾಗಿದ್ದು 2006ರಲ್ಲಿ. ಭಾರತ ಸ್ವಮುಕ್ತಿ ಸಂಸ್ಥೆ ಎಂಬ ಮೈಕ್ರೋ ಫೈನಾನ್ಸ್ ಸಂಸ್ಥೆ ದಕ್ಷಿಣ ಕರ್ನಾಟಕದ 75 ಹಳ್ಳಿಗಳಿಗೆ ಹೋಗಲು ಯೋಚಿಸಿತ್ತು. ಅದು ಹೋಗುವ ಮೊದಲೇ ಸಂಶೋಧಕರು ಆ ಹಳ್ಳಿಗಳಿಗೆ ಹೋದರು. ತಂಡದಲ್ಲಿದ್ದವರು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಅರುಣ್ ಚಂದ್ರಶೇಖರ್ ಮತ್ತು ಮ್ಯಾಥ್ಯೂ ಜಾಕ್ಸನ್. ಇವರಲ್ಲಿ ಬ್ಯಾನರ್ಜಿ ಮತ್ತು ಡುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಅವರು ಕೇಳಿದ ಪ್ರಶ್ನೆಗಳು ತೀರಾ ಸಾಮಾನ್ಯ. ನೀವು ಯಾರ ಮನೆಗೆ ಹೋಗ್ತೀರಿ? ನಿಮ್ಮ ಮನೆಗೆ ಯಾರು ಬರ್ತಾರೆ? ತುರ್ತಿಗೆ ದುಡ್ಡು ಬೇಕಾದ್ರೆ ಯಾರನ್ನ ಕೇಳ್ತೀರಿ? ನಿಮ್ಮನ್ನ ಯಾರು ಕೇಳ್ತಾರೆ? ಅಕ್ಕಿ, ಸೀಮೆಎಣ್ಣೆ ಸಾಲ ತರೋದು ಯಾರ ಮನೆಯಿಂದ? ಬುದ್ಧಿಮಾತು ಕೇಳೋದು ಯಾರ ಹತ್ರ? ದೇವಸ್ಥಾನಕ್ಕೋ, ಮಸೀದಿಗೋ, ಚರ್ಚಿಗೋ ಯಾರ ಜತೆ ಹೋಗ್ತೀರಿ? ಹೀಗೆ ಹನ್ನೆರಡು ಬಗೆಯ ಸಂಬಂಧ ಕೇಳಿ, ಯಾವ ಮನೆಗೂ ಯಾವ ಮನೆಗೂ ನಂಟಿದೆ ಅನ್ನೋದನ್ನ ನಕ್ಷೆ ಮಾಡಿದರು. ಸರ್ವೆಯವರು ಜಮೀನಿನ ನಕ್ಷೆ ಮಾಡಿದ ಹಾಗೆ, ಇವರು ಊರಿನ ಕೊಡು-ಕೊಳ್ಳುವಿಕೆಯ ನಕ್ಷೆ ಮಾಡಿದರು.

ಆಮೇಲೆ ಸಂಸ್ಥೆ 75ರಲ್ಲಿ 43 ಹಳ್ಳಿಗಳಿಗೆ ಮಾತ್ರ ಹೋಯಿತು. 32 ಹಳ್ಳಿಗಳಿಗೆ ಹೋಗಲಿಲ್ಲ. ಹೋದ ಕಡೆ ಐದೈದು ಜನ ಹೆಂಗಸರ ಗುಂಪು. ಒಬ್ಬರು ಕಟ್ಟದಿದ್ರೆ ಉಳಿದ ನಾಲ್ವರು ಜವಾಬ್ದಾರಿ. ಮೊದಲ ಸಾಲ ಸುಮಾರು 10,000 ರೂಪಾಯಿ, 50 ವಾರದ ಕಂತು, ವರ್ಷಕ್ಕೆ ಸುಮಾರು ಶೇ 28 ಬಡ್ಡಿ. ಈಗ ಸಾಲದ ಮೊತ್ತ ಬೆಳೆದಿದೆ, ಆದರೆ ಈ ಲೆಕ್ಕಾಚಾರ ನಮ್ಮ ಊರುಗಳ ಹೆಂಗಸರಿಗೆ ಬಾಯಿಪಾಠವೇ.

ಸುದ್ದಿ ಹರಡಿದ್ದು ಅಂಗಡಿಯಿಂದ

ಮೊದಲ ಫಲಿತಾಂಶ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಸಾಲದ ಸುದ್ದಿ ಊರಲ್ಲಿ ಹೇಗೆ ಹರಡುತ್ತೆ ಅನ್ನೋದು ಅದರ ವಿಷಯ. ಸಂಸ್ಥೆಯವರು ಊರಿಗೆ ಬಂದಾಗ ಡಂಗುರ ಸಾರಲಿಲ್ಲ. ಮೇಷ್ಟ್ರು, ಅಂಗಡಿಯವರು, ಸ್ವಸಹಾಯ ಗುಂಪಿನ ಮುಖ್ಯಸ್ಥೆಯರು ಇಂಥ ಕೆಲವರನ್ನ ಕಂಡು ವಿಷಯ ತಿಳಿಸಿ, "ನಾಲ್ಕು ಜನಕ್ಕೆ ಹೇಳಿ" ಅಂದರು.

ಸಾಲ ತಗೊಂಡವರು ಬೇರೆಯವರಿಗೆ ವಿಷಯ ಹೇಳುವ ಸಾಧ್ಯತೆ, ತಗೊಳ್ಳದವರಿಗಿಂತ ಏಳು ಪಟ್ಟು ಹೆಚ್ಚು ಎಂದು ಲೆಕ್ಕ ಸಿಕ್ಕಿತು. ಇದು ಯಾರಾದರೂ ಊಹಿಸಬಹುದಾದದ್ದೇ. ಆದರೆ ಕೊನೆಗೆ ಸಾಲಕ್ಕೆ ಸೇರಿದವರಲ್ಲಿ ಸುಮಾರು ಮೂರನೇ ಒಂದು ಭಾಗ ಬಂದಿದ್ದು ಸಾಲ ತಗೊಳ್ಳದವರ ಬಾಯಿಂದ ಕೇಳಿಸಿಕೊಂಡು. ತಾವು ತಗೊಳ್ಳದಿದ್ದರೂ ಜನ ಸುದ್ದಿ ಮುಟ್ಟಿಸ್ತಾರೆ. ಇನ್ನೊಂದು ವಿಷಯ: ಪಕ್ಕದ ಮನೆಯವರು ತಗೊಂಡ್ರು ಅನ್ನೋ ಒಂದೇ ಕಾರಣಕ್ಕೆ ಇವರೂ ತಗೊಂಡ್ರು ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. "ಒಬ್ಬರನ್ನ ನೋಡಿ ಒಬ್ಬರು ಸಾಲಕ್ಕೆ ಬಿದ್ರು" ಅಂತ ಸುಲಭವಾಗಿ ಹೇಳುವವರು ಇದನ್ನ ಗಮನಿಸಬೇಕು. ಗೊತ್ತಾದ ಮೇಲೆ ತಗೊಳ್ಳೋದು, ಬಿಡೋದು ಬಹುಮಟ್ಟಿಗೆ ಅವರವರ ಮನೆ ಕಷ್ಟದ ಲೆಕ್ಕ.

ಆರು ವರ್ಷದ ನಂತರ ಕಂಡದ್ದು

2012ರಲ್ಲಿ ಸಂಶೋಧಕರು ಅದೇ 75 ಹಳ್ಳಿಗಳಿಗೆ ಮತ್ತೆ ಹೋಗಿ ಅವೇ ಪ್ರಶ್ನೆ ಕೇಳಿದರು. ಈ ಸಲದ ತಂಡದಲ್ಲಿ ಎಮಿಲಿ ಬ್ರೆಝಾ, ಸಿಂಥಿಯಾ ಕಿನ್ನನ್ ಕೂಡ ಇದ್ದರು. ಇದರ ಪೂರ್ತಿ ಫಲಿತಾಂಶ 2024ರಲ್ಲಿ 'ರಿವ್ಯೂ ಆಫ್ ಎಕನಾಮಿಕ್ ಸ್ಟಡೀಸ್'ನಲ್ಲಿ ಪ್ರಕಟವಾಯಿತು.

ಸಾಲ ಬಂದ 43 ಊರುಗಳಲ್ಲಿ ಮನೆ-ಮನೆ ನಡುವಿನ ನಂಟು, ಸಾಲ ಬಾರದ 32 ಊರುಗಳಿಗೆ ಹೋಲಿಸಿದರೆ ಹೆಚ್ಚು ಕಡಿಮೆಯಾಗಿತ್ತು. ಇದರಲ್ಲಿ ಒಂದು ಭಾಗ ಅರ್ಥವಾಗುವಂಥದ್ದೇ. ಸಂಘದಿಂದ ದುಡ್ಡು ಸಿಕ್ಕವರು ಪಕ್ಕದ ಮನೆಯಲ್ಲಿ ಯಾಕೆ ಕೈ ಚಾಚ್ತಾರೆ?

ಸಂಶೋಧಕರಿಗೇ ಆಶ್ಚರ್ಯ ಆಗಿದ್ದು ಮುಂದಿನ ಲೆಕ್ಕ. ಯಾವ ಮನೆಯವರು ಸಂಘದ ಸಾಲ ತಗೊಳ್ಳೋ ಸಾಧ್ಯತೆ ಹೆಚ್ಚು, ಯಾವ ಮನೆಯವರು ತಗೊಳ್ಳೋದು ಕಷ್ಟ ಅಂತ ಅವರು ವಿಂಗಡಿಸಿದರು. ಸಾಲದ ಗೊಡವೆಗೇ ಹೋಗದ ಎರಡು ಮನೆಗಳ ನಡುವಿನ ನಂಟು ಯಾಕೆ ಹಾಳಾಗಬೇಕು? ಆದರೆ ಸಾಲ ಬಂದ ಊರಲ್ಲಿ ಅಂಥ ಎರಡು ಮನೆಗಳ ನಡುವಿನ ನಂಟೂ ಅಷ್ಟೇ ಪ್ರಮಾಣದಲ್ಲಿ ಕಳಚಿತ್ತು. ಊರೊಳಗಿನ ಕೈಸಾಲದಲ್ಲಿ ಹೆಚ್ಚು ಕಳ್ಕೊಂಡವರು ಇವರೇ. ಆದಾಯ ಏರುಪೇರಾದಾಗ ಒಬ್ಬರಿಗೊಬ್ಬರು ಆಗಿ ಬರುವ ಅನುಕೂಲ ಹೆಚ್ಚು ತಪ್ಪಿದ್ದೂ ಇವರಿಗೇ.

ಈ ಮನೆಗಳು ಯಾವುವು ಅಂತ ನಮ್ಮ ಊರುಗಳಲ್ಲಿ ಯೋಚಿಸಿದರೆ ಮುಖ ಕಣ್ಮುಂದೆ ಬರುತ್ತೆ. ವಯಸ್ಸಾದ ಕಾರಣಕ್ಕೆ ಗುಂಪಿಗೆ ಸೇರಿಸ್ಕೊಳ್ಳದ ಅಜ್ಜಿ, ಜವಾಬ್ದಾರಿ ಹೊರುವ ನಾಲ್ವರು ಸಿಗದ ಒಂಟಿ ಹೆಂಗಸು, "ಸಾಲದ ಸಹವಾಸವೇ ಬೇಡ" ಅಂತ ದೂರ ಇರುವ ಮನೆಯವರು. ಇವರ ಹೆಸರು ಯಾವ ಸಂಸ್ಥೆಯ ಸುಸ್ತಿದಾರರ ಪಟ್ಟಿಯಲ್ಲೂ ಇರಲ್ಲ. ಅದಕ್ಕೇ ಸುದ್ದಿಯಲ್ಲೂ ಬರಲ್ಲ.

ಹಾಗೇಕೆ ಆಗುತ್ತೆ?

ಸಂಶೋಧಕರು ಕೊಡುವ ವಿವರಣೆ ಹಳ್ಳಿಯಲ್ಲಿ ಬದುಕಿದವರಿಗೆ ಬೇಗ ಅರ್ಥವಾಗುತ್ತೆ. ಕೈಸಾಲ ಅನ್ನೋದು ಬರೀ ದುಡ್ಡಿನ ವ್ಯವಹಾರ ಆಗಿರಲ್ಲ. ಡೈರಿಗೆ ಹಾಲು ಹಾಕೋಕೆ ಹೋದಾಗ, ಅರಳಿಕಟ್ಟೆ ಮೇಲೆ ಕೂತಾಗ, ಹೋಟೆಲಲ್ಲಿ ಟೀ ಕುಡಿಯೋವಾಗ ಆಗುವ ಭೇಟಿ, ಮಾತು, "ಮಗಳ ಮದುವೆ ಏನಾಯ್ತು" ಅನ್ನೋ ವಿಚಾರಣೆ ಇವುಗಳಿಂದ ನಂಬಿಕೆ ಹುಟ್ಟುತ್ತೆ. ಆ ನಂಬಿಕೆ ಮೇಲೆ ಸಾವಿರ, ಐನೂರು ಕೈ ಬದಲಾಗುತ್ತೆ. ನಾಳೆ ಬೇಕಾದೀತು ಅನ್ನೋ ಲೆಕ್ಕವೂ ಜನ ಬೆರೆಯೋದಕ್ಕೆ ಒಂದು ಕಾರಣ.

ಊರಿನ ಒಂದಷ್ಟು ಮನೆಗಳಿಗೆ ಬೇರೆ ಕಡೆಯಿಂದ ದುಡ್ಡು ಸಿಗೋಕೆ ಶುರುವಾದ್ರೆ, ಅವರು ಕಟ್ಟೆಗೆ ಬರೋದು ಕಡಿಮೆ ಆಗುತ್ತೆ. ಕಟ್ಟೆಯಲ್ಲಿ ಜನ ಕಡಿಮೆ ಆದ್ರೆ ಉಳಿದವರಿಗೂ ಅಲ್ಲಿಗೆ ಹೋಗಿ ಪ್ರಯೋಜನ ಇಲ್ಲ ಅನ್ಸುತ್ತೆ. ಅಲ್ಲಿ ಆಕಸ್ಮಿಕವಾಗಿ ಭೇಟಿಯಾಗಬೇಕಿದ್ದ ಇನ್ನಿಬ್ಬರು ಭೇಟಿಯಾಗೋದೇ ಇಲ್ಲ. ಅವರಿಬ್ಬರಿಗೂ ಸಂಘಕ್ಕೂ ಸಂಬಂಧ ಇಲ್ಲದಿದ್ದರೂ ಅವರ ನಡುವಿನ ನಂಟು ಕಳಚುತ್ತೆ. ವಾರದ ಸಂತೆಗೆ ನಾಲ್ಕು ದೊಡ್ಡ ವ್ಯಾಪಾರಿಗಳು ಬರೋದು ನಿಲ್ಲಿಸಿದ್ರೆ ಸಣ್ಣ ವ್ಯಾಪಾರಿಗಳಿಗೂ ಗಿರಾಕಿ ಕಡಿಮೆ ಆಗೋ ಹಾಗೆ.

ಹೊರಗಿನಿಂದ ಬಂದ ಅನುಕೂಲ ಊರಿನ ಸಂಬಂಧಗಳನ್ನ ಯಾರೂ ಎಣಿಸದ ರೀತಿ ಬದಲಿಸೋದು ಮಂಡ್ಯ ಜಿಲ್ಲೆಗೆ ಹೊಸದಲ್ಲ. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯ ಬಳಿಯ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದ್ದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಗುತ್ತೆ ಅಂತ ಯಾರಾದ್ರೂ ಅಂದ್ಕೊಳ್ತಾರೆ. ಆದರೆ ನೀರು ಬಂದ ಊರಲ್ಲಿ ಜನ ಬೇಸಾಯದಲ್ಲೇ ಉಳಿದರು, ಒಕ್ಕಲು ಮತ್ತು ಕೂಲಿಯವರ ಹಳೇ ಸಂಬಂಧ ಬಹುಮಟ್ಟಿಗೆ ಹಾಗೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯ ಪೇಟೆಯಲ್ಲಿ ಕೆಲಸ, ವ್ಯಾಪಾರ ಹುಡುಕಿಕೊಂಡು ಹೊರಟರು, ಅಲ್ಲೇ ಹಳೇ ಕಟ್ಟುಪಾಡು ಸಡಿಲವಾಯಿತು. 1962ರಲ್ಲಿ ಈ ಅಧ್ಯಯನ ಪುಸ್ತಕವಾಯಿತು. ಯೋಜನೆ ಯಾರಿಗೆ ತಲುಪಿತು ಅಂತ ಮಾತ್ರ ಎಣಿಸಿದರೆ ಸಾಲದು, ತಲುಪದವರಿಗೆ ಏನಾಯಿತು ಅಂತಲೂ ನೋಡಬೇಕು ಅನ್ನೋ ಪಾಠ ಎಪ್ಪತ್ತು ವರ್ಷದ ಹಿಂದೆಯೇ ಈ ಜಿಲ್ಲೆಯಿಂದ ಹೋಗಿತ್ತು.

ಈ ಹೋಲಿಕೆ ನಂಬಬಹುದಾ?

43 ಊರುಗಳನ್ನ ಸಂಸ್ಥೆ ತಾನೇ ಆರಿಸಿದ್ದು. ಆ ಊರುಗಳೇ ಬೇರೆ ಥರ ಇದ್ದಿರಬಹುದಲ್ಲ, ಟೌನಿಗೆ ಹತ್ತಿರ ಇದ್ದು ಸಾಲ ಇಲ್ಲದಿದ್ದರೂ ಬದಲಾಗುತ್ತಿದ್ದವೇನೋ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಂಶೋಧಕರೂ ಅದಕ್ಕೆ ಎರಡು ಕೆಲಸ ಮಾಡಿದರು.

ಒಂದು, ಬರೀ 2012ರ ಸ್ಥಿತಿ ನೋಡದೆ, 2006ರಿಂದ 2012ರವರೆಗೆ ಎಷ್ಟು ಬದಲಾಯಿತು ಅನ್ನೋದನ್ನ ಎರಡೂ ಬಗೆಯ ಊರುಗಳಲ್ಲಿ ಹೋಲಿಸಿದರು. ಎರಡು, ಹೈದರಾಬಾದಿನ 104 ಬಡಾವಣೆಗಳ ಮಾಹಿತಿ ತೆಗೆದುಕೊಂಡರು. ಅಲ್ಲಿ ಇನ್ನೊಂದು ಸಂಸ್ಥೆ ಮೊದಲು ಯಾವ 52 ಬಡಾವಣೆಗಳಿಗೆ ಹೋಗಬೇಕು ಅನ್ನೋದನ್ನ ಚೀಟಿ ಎತ್ತಿದ ಹಾಗೆ ತೀರ್ಮಾನಿಸಲಾಗಿತ್ತು. ಚೀಟಿ ಎತ್ತಿದರೆ ಎರಡೂ ಗುಂಪು ಮೊದಲಲ್ಲಿ ಒಂದೇ ಥರ ಇರುತ್ತವೆ, ಆಮೇಲೆ ಕಂಡ ವ್ಯತ್ಯಾಸಕ್ಕೆ ಸಾಲವೇ ಕಾರಣ ಅನ್ನಬಹುದು. ಅಲ್ಲೂ ಸಾಲ ಬೇಗ ಬಂದ ಬಡಾವಣೆಗಳಲ್ಲಿ ಮನೆ-ಮನೆ ನಂಟು ಕಡಿಮೆ ಇತ್ತು.

ಅದೇ ಹೈದರಾಬಾದ್ ಅಧ್ಯಯನದ ಮೊದಲ ಭಾಗ 2015ರಲ್ಲಿ ಪ್ರಕಟವಾಗಿತ್ತು. ಮೊದಲೇ ಅಂಗಡಿ, ಕಸುಬು ಇದ್ದವರು ಸಾಲ ಬಂದ ಮೇಲೆ ಬಂಡವಾಳ ಹೆಚ್ಚಿಸಿದರು, ಅವರಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕೆಲವರ ಲಾಭವೂ ಏರಿತು. ಆದರೆ ಮನೆಯ ಒಟ್ಟು ಖರ್ಚು, ಮಕ್ಕಳ ಓದು, ಆರೋಗ್ಯ, ಹೆಂಗಸರ ಮಾತಿಗೆ ಸಿಗುವ ಬೆಲೆ ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ ದೇಶಗಳ ಅಧ್ಯಯನಗಳೂ ಅದೇ ವರ್ಷ ಜತೆಗೇ ಬಂದವು. ಆರೂ ಕಡೆಯ ಸಾರ ಹೆಚ್ಚುಕಡಿಮೆ ಒಂದೇ: ಅಲ್ಪಸ್ವಲ್ಪ ಅನುಕೂಲ ಇದೆ, ಬದುಕು ಪೂರ್ತಿ ಬದಲಾಗುವಂಥದ್ದು ಏನಿಲ್ಲ.

ಹಾಗಾದ್ರೆ ನಿಲ್ಲಿಸಿಬಿಟ್ಟರೆ?

ಇದಕ್ಕೂ ಪಕ್ಕದ ರಾಜ್ಯದಲ್ಲಿ ಉತ್ತರ ಇದೆ. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ತಂದಾಗ ಅಲ್ಲಿ ಮೈಕ್ರೋ ಫೈನಾನ್ಸ್ ಪೂರ್ತಿ ನಿಂತುಹೋಯಿತು. ಆಂಧ್ರದಲ್ಲಿ ದುಡ್ಡು ಸಿಕ್ಕಿಹಾಕಿಕೊಂಡ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಸಾಲ ಕೊಡೋದು ಕಡಿಮೆ ಮಾಡಿದವು. ಆ ಬೇರೆ ರಾಜ್ಯಗಳ ಜನ ಯಾವ ತಪ್ಪೂ ಮಾಡಿರಲಿಲ್ಲ.

ಬ್ರೆಝಾ ಮತ್ತು ಕಿನ್ನನ್ 25 ಸಂಸ್ಥೆಗಳ ಜಿಲ್ಲಾವಾರು ಲೆಕ್ಕವನ್ನ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ ಜತೆ ಇಟ್ಟು ನೋಡಿದರು. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಸಾಲ ಹೆಚ್ಚು ಕಡಿಮೆಯಾದ ಜಿಲ್ಲೆಗಳಲ್ಲಿ ದಿನಗೂಲಿ ಇಳಿಯಿತು, ಮನೆಯ ಕೂಲಿ ಸಂಪಾದನೆ ಇಳಿಯಿತು, ಮನೆ ಖರ್ಚು ಇಳಿಯಿತು. ದಿನಗೂಲಿ ಊರಿಗೆಲ್ಲ ಒಂದೇ. ಅದು ಇಳಿದರೆ ಸಾಲ ತಗೊಂಡವರಿಗೂ ಇಳಿಯುತ್ತೆ, ಮೈಕ್ರೋ ಫೈನಾನ್ಸ್ ಹೆಸರೇ ಕೇಳದವರಿಗೂ ಇಳಿಯುತ್ತೆ. ಗಿರಾಕಿ ಕೈಯಲ್ಲಿ ದುಡ್ಡಿಲ್ಲ ಅಂದ್ರೆ ಅಂಗಡಿ ವ್ಯಾಪಾರ ಬೀಳುತ್ತೆ, ಅಂಗಡಿ ವ್ಯಾಪಾರ ಬಿದ್ರೆ ಅಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಕೆಲಸ ಇಲ್ಲ. ಅಧ್ಯಯನ ಹೇಳುವ ಸರಪಳಿ ಇದೇ.

ಸಾಲ ಬಂದಾಗಲೂ ತಗೊಳ್ಳದವರಿಗೆ ಪೆಟ್ಟು, ದಿಢೀರ್ ನಿಂತಾಗಲೂ ತಗೊಳ್ಳದವರಿಗೆ ಪೆಟ್ಟು. ಸಾಲ ಬಂದು ಊರಿನ ಕೈಸಾಲ ಒಣಗಿ, ಆಮೇಲೆ ಸಾಲವೂ ನಿಂತರೆ ಕೈಗೆ ಸಿಗೋದು ಮೀಟರ್ ಬಡ್ಡಿಯವರು ಮಾತ್ರ. "ನಿಲ್ಲಿಸಿ" ಅನ್ನುವ ಮೊದಲು, "ಹೇಗಿದೆಯೋ ಹಾಗೇ ಬಿಡಿ" ಅನ್ನುವ ಮೊದಲು, ಎರಡು ಸಲ ಯೋಚಿಸಬೇಕಾಗಿರೋದು ಇದಕ್ಕೇ.

ವಾರದ ಕಂತು, ವರ್ಷದ ಕಬ್ಬು

ಸಾಲ ಇರಬೇಕು, ಆದರೆ ಹೇಗಿರಬೇಕು ಅನ್ನೋದರ ಬಗ್ಗೆಯೂ ಅಧ್ಯಯನಗಳಿವೆ. ಕೋಲ್ಕತ್ತದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತವರ ಜತೆಗಾರರು ಕಂತಿನ ಅವಧಿ ಬದಲಿಸಿ ನೋಡಿದರು. ವಾರದ ಕಂತಿನ ಬದಲು ತಿಂಗಳ ಕಂತು ಸಿಕ್ಕವರಲ್ಲಿ, ಕಂತಿನ ಚಿಂತೆ, ಆತಂಕ ಇದೆ ಅಂದವರು ಶೇ 51ರಷ್ಟು ಕಡಿಮೆ. ಇದು 2012ರಲ್ಲಿ ಪ್ರಕಟವಾಯಿತು. ಇನ್ನೊಂದು ಪ್ರಯೋಗದಲ್ಲಿ ಸಾಲ ಕೊಟ್ಟ ಮೇಲೆ ಮೊದಲ ಕಂತಿಗೆ ಎರಡು ತಿಂಗಳ ಬಿಡುವು ಕೊಟ್ಟರು. ಅಂಥವರು ಕಸುಬಿಗೆ ಹೆಚ್ಚು ಬಂಡವಾಳ ಹಾಕಿದರು, ಸುಮಾರು ಮೂರು ವರ್ಷದ ಮೇಲೂ ಅವರ ಲಾಭ ಹೆಚ್ಚಿತ್ತು. ಅದರ ಜತೆಗೇ ಸಾಲ ಕಟ್ಟದೆ ಉಳಿದವರ ಪ್ರಮಾಣವೂ ಹೆಚ್ಚಾಯಿತು. ಸಂಸ್ಥೆಗಳು ವಾರದ ಕಂತನ್ನೇ ಹಿಡಿದುಕೊಳ್ಳಲು ಇದೊಂದು ಕಾರಣ.

ನಮ್ಮ ತಾಲ್ಲೂಕಿಗೆ ಇದನ್ನ ಹೊಂದಿಸಿ ನೋಡಿ. ಕಬ್ಬು ವರ್ಷದ ಬೆಳೆ. ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ಬಾಕಿಗಾಗಿ ರೈತರು ಧರಣಿ ಕೂತ ಸುದ್ದಿ ಈ ಜಿಲ್ಲೆಯಲ್ಲಿ ಎಷ್ಟು ಸಲ ಬಂದಿದೆ ಅನ್ನೋದು ಓದುಗರಿಗೇ ಗೊತ್ತು. ರೇಷ್ಮೆ ಗೂಡು ಬೆಳೆ ಕೈ ಹತ್ತಿದಾಗ ದುಡ್ಡು, ಎಳನೀರು ಇಳಿಸಿದಾಗ ದುಡ್ಡು, ಗಾರ್ಮೆಂಟ್ಸ್‌ಗೆ ಹೋಗುವವರಿಗೆ ತಿಂಗಳಿಗೊಮ್ಮೆ ಸಂಬಳ. ಕಂತಿಗೆ ಸ್ವಲ್ಪ ಹೊಂದುವುದು ಡೈರಿ ಹಾಲಿನ ದುಡ್ಡು ಮಾತ್ರ. ಮನೆಗೆ ದುಡ್ಡು ಬರುವ ದಿನ ಒಂದು, ಕಂತು ಕಟ್ಟುವ ದಿನ ಇನ್ನೊಂದು. ಆ ಎರಡರ ನಡುವಿನ ಸಂದು ತುಂಬ್ತಾ ಇದ್ದದ್ದು ಕೈಸಾಲ ಮತ್ತು ಅಂಗಡಿ ಉದ್ರಿ. ಕೈಸಾಲ ಕಡಿಮೆಯಾದ ಊರಲ್ಲಿ ಆ ಭಾರವೆಲ್ಲ ಉದ್ರಿ ಪುಸ್ತಕದ ಮೇಲೆ ಬೀಳುವ ಅಪಾಯ ಇದೆ.

ಗೊತ್ತಿರಬೇಕಾದ ನಿಯಮಗಳು

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮಗಳನ್ನ ಸಾಲ ತಗೊಳ್ಳುವವರು, ಅವರಿಗೆ ಉದ್ರಿ ಕೊಡುವವರು ಇಬ್ಬರೂ ತಿಳಿದಿದ್ದರೆ ಒಳ್ಳೇದು.

* ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಯಾವುದೇ ಅಡಮಾನ ಇಲ್ಲದೆ ಕೊಡುವ ಸಾಲವೇ ಮೈಕ್ರೋ ಫೈನಾನ್ಸ್ ಸಾಲ. ಅಡಮಾನ ಕೇಳಿದರೆ ಅದು ಈ ಲೆಕ್ಕಕ್ಕೆ ಬರಲ್ಲ.
* ಕುಟುಂಬದ ಎಲ್ಲಾ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ತಿಂಗಳಿಗೆ 16,000 ಬರುವ ಮನೆಗೆ ಎಲ್ಲಾ ಕಂತು ಸೇರಿ 8,000 ಮೀರಬಾರದು. ಮೀರುವಂತಿದ್ದರೆ ಹೊಸ ಸಾಲ ಕೊಡಬಾರದು.
* ವಸೂಲಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಬೈಗುಳ, ಬೆದರಿಕೆ, ನಂಟರಿಷ್ಟರಿಗೆ ಕಿರುಕುಳ ಕೊಡುವಂತಿಲ್ಲ.
* ಇಬ್ಬರೂ ಒಪ್ಪಿದ ಒಂದು ಜಾಗದಲ್ಲೇ ಕಂತು ವಸೂಲಿ ಆಗಬೇಕು. ಆ ಜಾಗಕ್ಕೆ ಎರಡು ಅಥವಾ ಹೆಚ್ಚು ಸಲ ಸತತವಾಗಿ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು.
* ಸಾಲದ ಕಾರ್ಡು ಗಿರಾಕಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ.

ರಿಸರ್ವ್ ಬ್ಯಾಂಕ್ ಮಾಹಿತಿಗೆ ಟೋಲ್ ಫ್ರೀ ಸಂಖ್ಯೆ 14448. ರಾಜ್ಯದ 2025ರ ಸುಗ್ರೀವಾಜ್ಞೆಯಲ್ಲಿ ನೋಂದಣಿ, ಪರವಾನಗಿ ಇಲ್ಲದ ಲೇವಾದೇವಿಯವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿತು ಎಂದೇ ಪರಿಗಣಿಸುವ ಮಾತಿತ್ತು. "ಎಲ್ಲಾ ಸಂಘದ ಸಾಲ ಮನ್ನಾ ಆಯ್ತಂತೆ" ಅಂತ ಅದನ್ನ ತಪ್ಪಾಗಿ ತಿಳಿಯಬಾರದು. ರಿಸರ್ವ್ ಬ್ಯಾಂಕ್ ನೋಂದಣಿ ಇರುವ ಸಂಸ್ಥೆಯ ಸಾಲ ಅದರಿಂದ ಮನ್ನಾ ಆಗಿಲ್ಲ.

ಊರಲ್ಲಿ ಕೇಳಬೇಕಾದ ಪ್ರಶ್ನೆ

ಪಂಚಾಯಿತಿಯವರಿಗೆ, ಅಧಿಕಾರಿಗಳಿಗೆ, ವರದಿ ಮಾಡುವವರಿಗೆ ಈ ಅಧ್ಯಯನಗಳಿಂದ ಸಿಗುವ ದೊಡ್ಡ ಉಪಯೋಗ ಒಂದು ಹೊಸ ಪ್ರಶ್ನೆ. "ಎಷ್ಟು ಜನ ಸಾಲ ತಗೊಂಡ್ರು, ಎಷ್ಟು ಜನ ಕಟ್ಟಿಲ್ಲ" ಅನ್ನೋದರ ಜತೆಗೆ, "ಸಾಲ ತಗೊಳ್ಳದವರು ತುರ್ತು ಬಂದಾಗ ಈಗ ಯಾರ ಹತ್ರ ಹೋಗ್ತಾರೆ, ಐದು ವರ್ಷದ ಹಿಂದೆ ಯಾರ ಹತ್ರ ಹೋಗ್ತಿದ್ರು" ಅಂತ ಕೇಳಬೇಕು. ಗ್ರಾಮಸಭೆಯಲ್ಲಿ ಇದನ್ನ ಕೇಳೋಕೆ ದುಡ್ಡು ಬೇಕಾಗಿಲ್ಲ. ಸ್ವಸಹಾಯ ಗುಂಪಿನ ಉಳಿತಾಯದಿಂದ, ಸೊಸೈಟಿಯಿಂದ ಅಂಥ ಮನೆಗಳಿಗೆ ಸಣ್ಣ ಮೊತ್ತ ಸಿಗುವಂತೆ ಮಾಡಬಹುದಾ ಅನ್ನೋದು ಅದರ ಮುಂದಿನ ಮಾತು.

ಅಂಗಡಿಯವರು ತಮ್ಮ ಉದ್ರಿ ಪುಸ್ತಕವನ್ನೇ ತೆಗೆದು ನೋಡಬಹುದು. ಉದ್ರಿ ಬೆಳೆಯುತ್ತಿರುವುದು ಕಂತು ಇರುವ ಮನೆಯವರದ್ದಾ, ಕಂತು ಇಲ್ಲದ ಮನೆಯವರದ್ದಾ? ಕಂತು ಇಲ್ಲದ ಮನೆಗಳ ಉದ್ರಿಯೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ, ಊರಿನ ಕೈಸಾಲ ಒಣಗುತ್ತಿದೆಯಾ ಅಂತ ವಿಚಾರಿಸಬೇಕಾದ ಹೊತ್ತು ಅದು.

ಕೊನೆಗೆ, ಇದೇ ಸಂಶೋಧಕರ ತಂಡ ಕರ್ನಾಟಕದ 213 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿತು. ಒಂದು ಸುದ್ದಿ ಊರೆಲ್ಲ ಹರಡಬೇಕಾದರೆ ಯಾರಿಗೆ ಹೇಳಬೇಕು ಅಂತ ಊರಿನವರನ್ನೇ ಕೇಳಿದರು. ಅವರು ಹೆಸರಿಸಿದವರಿಗೆ ಸುದ್ದಿ ಹೇಳಿದಾಗ ಅದು ಹೆಚ್ಚು ಜನಕ್ಕೆ ಮುಟ್ಟಿತು. ಊರಿನ ಹಿರಿಯರು, ಯಜಮಾನರು ಎನಿಸಿಕೊಂಡವರಿಗೆ ಹೇಳಿದಾಗ ಅಷ್ಟು ಮುಟ್ಟಲಿಲ್ಲ. ಯಾರ ಬಾಯಲ್ಲಿ ಸುದ್ದಿ ಓಡುತ್ತೆ ಅನ್ನೋದು ಊರಿನವರಿಗೆ ಸರಿಯಾಗಿ ಗೊತ್ತಿರುತ್ತೆ.

ಸಾಲ ಸಿಗುತ್ತೆ ಅನ್ನೋ ಸುದ್ದಿ ಊರಿಗೆ ಬಂದಿದ್ದು ಅಂಗಡಿ, ಶಾಲೆ, ಸಂಘದ ಮೂಲಕ. ಸಂಜೆ 6ರ ಮೇಲೆ ಕಂತು ಕೇಳೋಕೆ ಫೋನ್ ಮಾಡುವಂತಿಲ್ಲ, ಕಂತು ಆದಾಯದ ಅರ್ಧ ಮೀರುವಂತಿಲ್ಲ ಅನ್ನೋ ಸುದ್ದಿಯೂ ಅದೇ ದಾರಿಯಲ್ಲಿ ಹೋಗಬಹುದು. ಮುಂದಿನ ಸಲ "ಈ ವಾರ ಕಂತು ಐತೆ ಕಣಣ್ಣ" ಅಂದವರಿಗೆ ಉದ್ರಿ ಬರ್ಕೊಳ್ಳೋ ಹೊತ್ತಿನಲ್ಲೇ ಅಂಗಡಿಯವರು ಇದನ್ನೂ ಒಂದು ಮಾತು ಹೇಳಬಹುದು.